ಹಿಂದಿನ ಚಕ್ರದ ಮೇಲಿನ ಸೀಟು

ಬಸ್ ನಿಲ್ದಾಣದ ಮುಂಗಡ ಬುಕಿಂಗಿನ ಮೂರನೇ ಕೌಂಟರಿನಲ್ಲಿ ಕೂರುವ ಮನುಷ್ಯನ ಮುಖವನ್ನು ಪೂರ್ತಿಯಾಗಿ ಕಂಡವರು ಊರಿನಲ್ಲಿ ಕಡಿಮೆ. ಗಾಜಿನ ತಳದಲ್ಲಿ ಅರ್ಧಚಂದ್ರದಂಥ ಒಂದು ಕಿಂಡಿ. ಎಷ್ಟು ದೊಡ್ಡ ಮನುಷ್ಯನಾದರೂ ಅದರೆದುರು ಸೊಂಟ ಬಗ್ಗಿಸಲೇಬೇಕು. ಬಗ್ಗಿದವನಿಗೆ ಕಾಣುವುದು ಒಂದು ಕೆಂಪು ಪೆನ್ನು ಮತ್ತು ಅರ್ಧ ಮೀಸೆ. ಕೇಳುವುದು ಎರಡು ಮಾತು. ಸೀಟು ಬದಲಾಯಿಸಿಕೊಡಿ ಎಂದರೆ, "ಕೊಟ್ಟ ನಂಬರ್ ಕೊಟ್ಟ ನಂಬರೇ." ಇನ್ನೂ ನಿಂತೇ ಇದ್ದರೆ, "ಮುಂದಿನವರು ಬನ್ನಿ." ಒಮ್ಮೆ ನಿಲ್ದಾಣದ ಗೋದಾಮಿಗೆ ಬೆಂಕಿ ಬಿದ್ದಾಗ ಮಾತ್ರ ಅವನು ಮೂರನೆಯ ಮಾತು ಆಡಿದ್ದನಂತೆ: "ಮುಂದಿನವರು ಹೋಗಿ."

ಊರಿನವರಿಗೆ ಅವನ ಹೆಸರು ಬೇಕಾಗಿರಲಿಲ್ಲ. ಮೂರನೇ ಕೌಂಟರ್ ಎಂದರೆ ಸಾಕಿತ್ತು.

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ಒಂದು ಸೀಟನ್ನೂ ದಾಕ್ಷಿಣ್ಯಕ್ಕೆ ಕೊಟ್ಟವನಲ್ಲ. ಎರಡನೇ ಕೌಂಟರಿನವನು ಹಾಗಲ್ಲ. ನಕ್ಕರೆ ಕಿಟಕಿ ಸೀಟು ಕೊಡುತ್ತಿದ್ದ, ಜೋರಾಗಿ ನಕ್ಕರೆ ಚಾಲಕನ ಹಿಂದಿನದನ್ನೇ ಕೊಡುತ್ತಿದ್ದ. ಮೂರನೇ ಕೌಂಟರ್ ಅವನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಇಲಾಖೆಯವರ ಮನೆಮಂದಿ ಒಳ್ಳೆಯ ಸೀಟು ತೆಗೆದುಕೊಳ್ಳಬಾರದು ಎಂಬುದು ಇವನ ವ್ರತ. ಆದ್ದರಿಂದ ಹೆಂಡತಿ ಎಲ್ಲಿಗೆ ಹೊರಟರೂ ಅವಳಿಗೆ ಮೂವತ್ತೈದನೇ ಸೀಟು. ಮೂವತ್ತೈದು ಎಂದರೆ ಹಿಂದಿನ ಚಕ್ರದ ಮೇಲಿನದು, ಬಸ್ಸಿನ ನಡುದಾರಿಯ ಬದಿಯದು. ಕಾಲು ಚಾಚಲು ಆಗದು, ಹೊರಗೆ ನೋಡಲು ಆಗದು. ರಸ್ತೆಯಲ್ಲಿ ಬಿದ್ದ ಪ್ರತಿ ಕಲ್ಲಿನ ಪರಿಚಯ ಬೆನ್ನುಮೂಳೆಗೆ ಆಗುತ್ತದೆ. ಪ್ರಾಮಾಣಿಕತೆ ಅವನದು, ಸೊಂಟನೋವು ಅವಳದು. ಸಂಸಾರ ಎಂದ ಮೇಲೆ ಕೆಲಸ ಹಂಚಿಕೊಳ್ಳಬೇಕಲ್ಲ.

ಮಗಳ ಪರೀಕ್ಷೆ ಮುಗಿದ ಖುಷಿಗೆ ಎರಡು ದಿನ ಮಹಾನಗರ ನೋಡಿಬರೋಣ ಎಂದು ಅವನೇ ಹೇಳಿದ್ದ. ಅವನ ಅತ್ತೆಯೂ ಹೊರಟರು. ಆರು ಗಂಟೆಯ ಪ್ರಯಾಣ. ಆಗಲೂ ಹೆಂಡತಿಗೆ ಮೂವತ್ತೈದೇ. ಪಕ್ಕದ ಕಿಟಕಿ ಸೀಟು ಮೂವತ್ತಾರರಲ್ಲಿ ಯಾರೋ ಅಪರಿಚಿತ ದಾರಿಯುದ್ದಕ್ಕೂ ಪರದೆ ಎಳೆದುಕೊಂಡು ಗೊರಕೆ ಹೊಡೆದ. ಅವನಿಗೆ ಆ ಸೀಟು ಕೊಟ್ಟವನೂ ಮೂರನೇ ಕೌಂಟರೇ. ಅವನು ಸರದಿಯಲ್ಲಿ ಮೊದಲು ಬಂದಿದ್ದ.

ಹೆಂಡತಿ ಇಳಿದವಳೇ ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಳು.

"ರೀ, ಇಲ್ಲಿ ಕೇಳಿ. ಒಡವೆ ಕೇಳಲ್ಲ, ಬಟ್ಟೆ ಕೇಳಲ್ಲ. ಇವತ್ತು ರಾತ್ರಿ ಊಟಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದೀರಲ್ಲ, ಅಲ್ಲಿ ನಾನು ಕಿಟಕಿ ಪಕ್ಕ ಕೂರ್ಬೇಕು."

"ಅಷ್ಟೇ ತಾನೆ?"

"ಅಷ್ಟೇ. ಆಗ್ಲಿಲ್ಲ ಅಂದ್ರೆ ಇನ್ನು ಮುಂದೆ ನಾನು ಎಲ್ಲಿಗೆ ಹೋದ್ರೂ ಎರಡನೇ ಕೌಂಟರಲ್ಲಿ ಟಿಕೆಟ್ ತಗೋತೀನಿ."

ಮೂರನೇ ಕೌಂಟರಿನ ಕೈಯಿಂದ ಚೀಲ ಜಾರಿತು. ಡೈವೋರ್ಸ್ ಕೊಡುತ್ತೇನೆ ಎಂದಿದ್ದರೂ ಅವನು ಇಷ್ಟು ಬೆಚ್ಚುತ್ತಿರಲಿಲ್ಲ. ಅವನ ಸ್ವಂತ ಹೆಂಡತಿ ಎಲ್ಲರೆದುರು ಆ ಕಿಂಡಿಗೆ ಬಗ್ಗುವುದು! ಆ ದುಷ್ಟ ನಗುತ್ತಾ, "ಬನ್ನಿ ಅತ್ತಿಗೆ, ಯಾವ ಕಿಟಕಿ ಬೇಕು?" ಎನ್ನುವುದು!

"ಜೋರಾಗಿ ನಗೋದು ಬೇರೆ ಕಲ್ತಿದೀನಿ," ಎಂದಳು ಹೆಂಡತಿ.

ಲಾಡ್ಜಿನ ಕೋಣೆಗೆ ಬಂದವನೇ ಅವನು ಫೋನು ಹಿಡಿದ. ಒಂಬತ್ತನೇ ಮಹಡಿಯ ಮೇಲೆ ಒಂದು ಹೋಟೆಲು. ಕಿಟಕಿಯಿಂದ ನದಿ ಕಾಣುತ್ತದೆ, ದೀಪ ಹಾಕಿದ ಸೇತುವೆ ಕಾಣುತ್ತದೆ. ಒಳಗೆ ಹಾಡು, ಕುಣಿತ. ಮಗಳು ತನ್ನ ಮೊಬೈಲನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ಅಪ್ಪಾ, ಹಾಲ್‌ದು ನಕ್ಷೆ ಇದರಲ್ಲೇ ಇದೆ. ಯಾವ ಟೇಬಲ್ ಎಲ್ಲಿದೆ ನೋಡ್ಕೊಂಡು—"

"ನಂಗೆ ನಕ್ಷೆ ತೋರಿಸ್ತೀಯಾ? ಇಪ್ಪತ್ತಾರು ವರ್ಷ ಕಣ್ಣು ಮುಚ್ಕೊಂಡು ಕಿಟಕಿ ಹೇಳಿರೋನು ನಾನು. ನಂಬರನ್ನ ನಾಲ್ಕರಿಂದ ಭಾಗಿಸು. ಶೇಷ ಒಂದು ಬಂದ್ರೆ ಈ ಕಡೆ ಕಿಟಕಿ, ಏನೂ ಉಳೀದಿದ್ರೆ ಆ ಕಡೆ ಕಿಟಕಿ. ಎರಡು ಮೂರು ಉಳಿದ್ರೆ ನಿಮ್ಮಮ್ಮ."

ಫೋನಿನಲ್ಲಿ ಒಬ್ಬಳು ಹುಡುಗಿ ಸಿಕ್ಕಳು.

"ಟೇಬಲ್ ಎಷ್ಟಿವೆ?"

"ಇಪ್ಪತ್ತು ಸರ್."

"ಮಧ್ಯ ದಾರಿ ಇದೆಯಾ?"

"ದಾರಿ... ಇದೆ ಸರ್."

"ಹನ್ನೆರಡು ಕೊಡಿ."

"ಸರ್, ಹನ್ನೆರಡನ್ನ ಸಾಮಾನ್ಯವಾಗಿ ಯಾರೂ ಕೇಳಲ್ಲ..."

"ಜನಕ್ಕೆ ಲೆಕ್ಕ ಗೊತ್ತಿಲ್ಲ, ಅದಕ್ಕೆ ಕೇಳಲ್ಲ. ನಂಗೆ ಹನ್ನೆರಡೇ ಬೇಕು. ಯಾರು ಬಂದು ಅತ್ರೂ ಬದಲಾಯಿಸಬಾರದು. ಪುಸ್ತಕದಲ್ಲಿ ಬರ್ಕೊಳ್ಳಿ. ಬರೆದಿರಾ? ಓದಿ."

ಹುಡುಗಿ ಓದಿದಳು. ಅವನು ತೃಪ್ತಿಯಿಂದ ಫೋನಿಟ್ಟು, ಯಾವಾಗಲೂ ಚೀಲದಲ್ಲಿರುವ ಬುಕಿಂಗ್ ಫಾರಂ ಒಂದನ್ನು ತೆಗೆದು ತುಂಬಿದ. ಟೇಬಲ್ ಹನ್ನೆರಡು, ಜನ ನಾಲ್ಕು, ಸಮಯ ಏಳೂವರೆ. 'ಕಿಟಕಿ' ಎಂಬಲ್ಲಿ ಗುರುತು ಹಾಕಿ, ಸಹಿ ಮಾಡಿ ಹೆಂಡತಿಯ ಕೈಗಿಟ್ಟ. ಮದುವೆಯಾದಾಗಿನಿಂದ ಅವಳಿಗೆ ಅವನು ಬರೆದ ಪ್ರೇಮಪತ್ರ ಅದೊಂದೇ. ಅವಳು ಎರಡು ಸಲ ಓದಿ, ಮಡಿಸಿ, ಕೈಚೀಲದ ಒಳಖಾನೆಯಲ್ಲಿಟ್ಟಳು. ಪೆಟ್ಟಿಗೆಯ ತಳದಲ್ಲಿದ್ದ ಹೊಸ ಬಟ್ಟೆ ಉಟ್ಟಳು.

"ಅಳಿಯಂದ್ರು ಸುಧಾರಿಸ್ತಿದಾರೆ," ಎಂದು ಅತ್ತೆ ಕನ್ನಡಿಗೆ ಹೇಳಿದರು. "ಇನ್ನೊಂದು ಇಪ್ಪತ್ತಾರು ವರ್ಷ ಕೊಟ್ರೆ ಮನುಷ್ಯ ಆಗ್ತಾರೆ."

ಏಳೂವರೆಗೆ ಸರಿಯಾಗಿ ಲಿಫ್ಟು ಒಂಬತ್ತನೇ ಮಹಡಿಯಲ್ಲಿ ಬಾಯಿ ಬಿಟ್ಟಿತು. ಒಳಗೆ ಮಂದ ಬೆಳಕು, ವೇದಿಕೆಯ ಮೇಲೆ ಮಿನುಗುವ ಕೋಟು ತೊಟ್ಟ ಹಾಡುಗಾರ. ಅದರ ಮುಂದೆ ಕುಣಿಯಲು ಬಿಟ್ಟ ಜಾಗ. ಎಡಗಡೆ ಉದ್ದಕ್ಕೂ ಗಾಜು. ಗಾಜಿನಾಚೆ ನದಿಯ ಮೇಲೆ ಸೇತುವೆ ಯಾರೋ ಸರ ಬಿಚ್ಚಿಟ್ಟ ಹಾಗೆ ಮಲಗಿತ್ತು. ಸಪ್ಲೈಯರ್ ಮುಂದೆ, ಅವನ ಹಿಂದೆ ಹೆಂಡತಿ. ಒಂದನೇ ಟೇಬಲ್ಲು ಕಿಟಕಿಗೆ, ಎರಡನೆಯದೂ ಕಿಟಕಿಗೆ, ಮೂರು, ನಾಲ್ಕು, ಐದು, ಆರು, ಎಲ್ಲವೂ ಕಿಟಕಿಗೆ. ಪ್ರತಿ ಟೇಬಲ್ಲಿಗೂ ಅವಳ ಹೆಜ್ಜೆ ನಿಧಾನವಾಗುತ್ತಿತ್ತು. ಸಪ್ಲೈಯರನ ಹೆಜ್ಜೆ ಆಗಲಿಲ್ಲ. ಅವನು ಆರನೆಯದರ ಬಳಿ ತಿರುಗಿ, ಸ್ಪೀಕರ್ ದಾಟಿ, ಒಂದು ಕಂಬ ಸುತ್ತಿ, ಅಡುಗೆಮನೆಯ ಬಾಗಿಲ ಪಕ್ಕ ನಿಂತು ಕುರ್ಚಿ ಎಳೆದ.

"ಹನ್ನೆರಡು, ಸರ್."

ಮುಂದೆ ಕಂಬ. ಹಿಂದೆ ತಳ್ಳುಬಾಗಿಲು. ಅದು ತೆರೆದಾಗಲೆಲ್ಲ ಕುರ್ಚಿಯ ಬೆನ್ನಿಗೆ ಗುದ್ದುತ್ತಿತ್ತು. ಗೋಡೆಯಾಚೆ ಪಾತ್ರೆ ತೊಳೆಯುವ ಯಂತ್ರ. ಅದು ತಿರುಗಿದಂತೆಲ್ಲ ಟೇಬಲ್ಲು ಗಡಗಡ ನಡುಗಿ, ಚಮಚಗಳು ತಾವಾಗಿಯೇ ಅಂಚಿನ ಕಡೆ ನಡೆಯುತ್ತಿದ್ದವು. ಹೆಂಡತಿ ಕುಳಿತಳು. ಟೇಬಲ್ಲಿನ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು.

"ಇದು ಮೂವತ್ತೈದು," ಎಂದಳು.

ಮೂರನೇ ಕೌಂಟರ್ ಮ್ಯಾನೇಜರನನ್ನು ಕರೆಸಿದ. ಮ್ಯಾನೇಜರ್ ಕತ್ತಿಗೆ ಬೋ ಟೈ ಕಟ್ಟಿದ ತೆಳ್ಳಗಿನ ಮನುಷ್ಯ. ಸಿಟ್ಟು ಬಂದಷ್ಟೂ ನಗುವ ತರಬೇತಿ ಪಡೆದವನು.

"ಏನ್ರೀ ಇದು? ಹನ್ನೆರಡು ಅಂದ್ರೆ ಕಿಟಕಿ. ನಾಲ್ಕರಿಂದ ಭಾಗಿಸಿದ್ರೆ ಶೇಷ ಸೊನ್ನೆ!"

"ಸರ್, ನಮ್ಮಲ್ಲಿ ಭಾಗಿಸೋ ಪದ್ಧತಿ ಇಲ್ಲ ಸರ್. ಒಂದರಿಂದ ಆರು ಕಿಟಕಿ. ಹನ್ನೆರಡು ನೀವೇ ಹಟ ಹಿಡಿದು ಕೇಳಿದ್ದು." ಅವನು ಪುಸ್ತಕ ತಂದು ತೋರಿಸಿದ. 'ಗಿರಾಕಿ ಹನ್ನೆರಡೇ ಬೇಕೆಂದರು. ಯಾರು ಅತ್ತರೂ ಬದಲಾಯಿಸಬಾರದು ಎಂದರು.'

"ನಾನು ರಿಸರ್ವೇಶನ್ನಿನಲ್ಲೇ ಕೂದಲು ಹಣ್ಣು ಮಾಡ್ಕೊಂಡೋನು. ನಂಗೆ ಪುಸ್ತಕ ತೋರಿಸ್ಬೇಡಿ."

"ಹಾಗಾದ್ರೆ ನಿಮಗೆ ಗೊತ್ತೇ ಇರತ್ತೆ ಸರ್. ಕೊಟ್ಟ ಮೇಲೆ..."

ಮ್ಯಾನೇಜರ್ ಪುಸ್ತಕ ಮುಚ್ಚಿದ. ಸೀಟು ಬದಲಾಯಿಸಿಕೊಡಿ ಎಂದು ಕೇಳಲು ಮೂರನೇ ಕೌಂಟರ್ ಬಾಯಿ ತೆರೆದ. ಇಪ್ಪತ್ತಾರು ವರ್ಷಗಳಲ್ಲಿ ಅವನ ಕಿಂಡಿಗೆ ಬಗ್ಗಿದ ಬಸುರಿಯರು, ಮುದುಕರು, ಕೈಗೆ ಪ್ಲಾಸ್ಟರ್ ಹಾಕಿಕೊಂಡವರು, ಎಲ್ಲರೂ ಆ ತೆರೆದ ಬಾಯಿಯಲ್ಲಿ ಸಾಲುಗಟ್ಟಿ ನಿಂತುಬಿಟ್ಟರು. ಬಾಗಿಲು ಬಂದು ಬೆನ್ನಿಗೆ ಗುದ್ದಿತು. ಬಾಯಿ ಮುಚ್ಚಿಕೊಂಡಿತು.

"ನಕ್ಷೆ ಇತ್ತು," ಎಂದಳು ಮಗಳು, ಮೆನುವಿನ ಹಿಂದೆ ಮುಖ ಮುಚ್ಚಿಕೊಂಡು.

"ಸೂಪು ಹೇಳಿ," ಎಂದರು ಅತ್ತೆ. "ಕಲಕೋ ಕೆಲಸ ಇಲ್ಲ. ಟೇಬಲ್ಲೇ ಕಲಕತ್ತೆ."

ಹೆಂಡತಿ ಎದ್ದಳು.

ಕಂಬ ಸುತ್ತಿ, ಸ್ಪೀಕರ್ ದಾಟಿ, ಕುಣಿಯುವವರ ನಡುವೆ ನಿಂತು ಕಿಟಕಿಯ ಸಾಲನ್ನು ನೋಡಿದಳು. ಐದನೇ ಟೇಬಲ್ಲು ಖಾಲಿ. ಹೂದಾನಿಗೆ ಒರಗಿಸಿದ ಒಂದು ರಟ್ಟಿನ ಚೀಟಿ: 'ಕಾದಿರಿಸಲಾಗಿದೆ. 7.30.' ಅವಳು ಕೈಚೀಲದಿಂದ ಕರವಸ್ತ್ರ ತೆಗೆದಳು. ನಾಲ್ಕು ಮೂಲೆ ಕೂಡಿಸಿ ಒಂದು ಗಂಟು ಹಾಕಿದಳು. ಹುಡುಗಿಯಾಗಿದ್ದಾಗ, ಈ ಮಹಾಶಯ ಅವಳ ಬಾಳಿಗೆ ಬರುವ ಮೊದಲು, ರಿಸರ್ವೇಶನ್ ಇಲ್ಲದ ಬಸ್ಸುಗಳ ಕಿಟಕಿಗಳಿಗೆ ಅವಳು ಎಸೆದ ಕರವಸ್ತ್ರ ಒಂದೂ ಗುರಿ ತಪ್ಪಿರಲಿಲ್ಲ. ಈಗಲೂ ತಪ್ಪಲಿಲ್ಲ. ಕುಣಿಯುವವರ ತಲೆಗಳ ಮೇಲೆ ಹಾರಿ ಹೋದ ಕರವಸ್ತ್ರ ಹೂದಾನಿಯನ್ನು ಉರುಳಿಸಿ ಟೇಬಲ್ಲಿನ ನಟ್ಟನಡುವೆ ಕೂತಿತು.

ಪಕ್ಕದ ಟೇಬಲ್ಲಿನ ಬೋಳುತಲೆಯವರೊಬ್ಬರು ಫೋರ್ಕು ಕೆಳಗಿಟ್ಟು, "ಒಳ್ಳೇ ಗುರಿ," ಎಂದರು. ಅವರ ಹೆಂಡತಿ ಅವರ ಕಾಲು ತುಳಿದರು.

ಅವಳು ಹೋಗಿ ಕಿಟಕಿ ಪಕ್ಕ ಕೂತಳು. ಮ್ಯಾನೇಜರ್ ಓಡಿ ಬಂದ.

"ಮೇಡಂ, ಇದು ರಿಸರ್ವ್ ಆಗಿದೆ."

"ಕರವಸ್ತ್ರ ಹಾಕಿದೀನಿ."

"ಮೇಡಂ, ರಿಸರ್ವೇಶನ್ ಅಂದ್ರೆ..."

"ಗೊತ್ತಪ್ಪ. ಇಪ್ಪತ್ತಾರು ವರ್ಷದಿಂದ ಅದು ನಮ್ಮನೇಲೇ ಇದೆ. ಅದರ ಅಂಗಿ ಒಗೆಯೋಳು ನಾನೇ."

ಹಾಡುಗಾರ ಹಾಡು ನಿಲ್ಲಿಸಿದ. ಡ್ರಮ್ಮಿನವನಿಗೆ ಗೊತ್ತಾಗದೆ ಇನ್ನೆರಡು ಬಾರಿಸಿದ. ಎರಡು ಟೇಬಲ್ಲುಗಳ ಜನ ಕುರ್ಚಿ ತಿರುಗಿಸಿಕೊಂಡು ಕೂತರು. ಮ್ಯಾನೇಜರ್ ಹಲ್ಲು ಬಿಡುತ್ತಾ, ಅಂದರೆ ಭಯಂಕರ ಸಿಟ್ಟಿನಲ್ಲಿ, ಕಂಬದ ಕಡೆ ತಿರುಗಿದ.

"ಸರ್! ನೀವು ತಿಳಿದೋರು. ನೀವೇ ಬಂದು ಹೇಳಿ."

ಮೂರನೇ ಕೌಂಟರ್ ಎದ್ದು ಬಂದ. ಹಿಂದೆ ಮಗಳು, ಅವಳ ಹಿಂದೆ ಆಗಷ್ಟೇ ಬಂದ ಸೂಪಿನ ಬಟ್ಟಲು ಹಿಡಿದ ಅತ್ತೆ. ಅವನು ಐದನೇ ಟೇಬಲ್ಲಿನ ಮುಂದೆ ನಿಂತ. ಒಂದು ಕಡೆ ರಟ್ಟಿನ ಚೀಟಿ, ಅದು ಅವನ ಧರ್ಮ. ಇನ್ನೊಂದು ಕಡೆ ಹೆಂಡತಿ. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಗಾಜಿಗೆ ಹಣೆ ತಾಗಿಸಿ ಸೇತುವೆ ನೋಡುತ್ತಿದ್ದಳು. ಅವಳ ಉಸಿರಿಗೆ ಗಾಜಿನ ಮೇಲೆ ಒಂದು ರೂಪಾಯಿಯಗಲ ಮಂಜು ಕಟ್ಟಿತ್ತು.

"ಹೇಳಿ ಸರ್," ಎಂದ ಮ್ಯಾನೇಜರ್.

"ಹೇಳಿ ಅಳಿಯಂದ್ರೇ," ಎಂದರು ಅತ್ತೆ. "ಎರಡನೇ ಕೌಂಟರಿನೋರು ಏನ್ ಹೇಳ್ತಿದ್ರೋ ಪಾಪ."

ಮೂರನೇ ಕೌಂಟರ್ ಗಡಿಯಾರ ನೋಡಿಕೊಂಡ. ಚೀಟಿ ನೋಡಿದ. ಮತ್ತೆ ಗಡಿಯಾರ ನೋಡಿಕೊಂಡ. ಅವನ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಜೇಬಿನಿಂದ ಕೆಂಪು ಪೆನ್ನು ಹೊರಬಂತು.

"ಚೀಟಿಯಲ್ಲಿ ಏಳೂವರೆ. ಈಗ ಏಳು ನಲವತ್ತಾರು. ಹೊರಡೋ ಹೊತ್ತಿಗೆ ಬರದ ಪ್ರಯಾಣಿಕರ ಸೀಟು ರದ್ದು. ನಿಂತ ಪ್ರಯಾಣಿಕರಿಗೆ ಸಲ್ಲತಕ್ಕದ್ದು."

ಎಂದು ರಟ್ಟಿನ ಮೇಲೆ ಅಡ್ಡಗೆರೆ ಎಳೆದು, 'ಬಂದಿಲ್ಲ' ಎಂದು ಬರೆದು, ಸಹಿ ಹಾಕಿ, ಸಹಿಯ ಕೆಳಗೆ ಸಮಯ ನಮೂದಿಸಿ ಮ್ಯಾನೇಜರನ ಕೈಗಿತ್ತ.

"ಸರ್! ಇದು ಬಸ್ಸಲ್ಲ ಸರ್!"

"ಬಸ್ಸಲ್ಲ ಅಂತ ಫೋನಲ್ಲೇ ಯಾಕೆ ಹೇಳ್ಲಿಲ್ಲ?"

ಮ್ಯಾನೇಜರ್ ಇನ್ನಷ್ಟು ಹಲ್ಲು ಬಿಟ್ಟ. ಅವನು ಸೆಕ್ಯೂರಿಟಿಯವನನ್ನು ಕರೆದ. ಲಿಫ್ಟಿನಷ್ಟೇ ಅಗಲದ ಆಳು, ನೆಲ ನಡುಗಿಸುತ್ತಾ ಬಂದು ನಿಂತ. ಇವರನ್ನೆಲ್ಲ ಎಬ್ಬಿಸು ಎಂದು ಮ್ಯಾನೇಜರ್ ಕಣ್ಣಲ್ಲೇ ಹೇಳಿದ.

"ಬಂದ್ಯಾಪ್ಪಾ?" ಎಂದರು ಅತ್ತೆ. "ಈ ಸೂಪು ಹಿಡ್ಕೋ. ಆ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳಿ. ಇನ್ನೂ ಸ್ವಲ್ಪ. ಎಷ್ಟು ಎತ್ತರ ಬೆಳ್ದಿದೀಯ, ನಿಮ್ಮಮ್ಮ ಏನು ಹಾಕಿ ಸಾಕಿದ್ರೋ. ಹ್ಞೂಂ, ಈಗ ಮೊಮ್ಮಗಳ ಕುರ್ಚಿ."

ಎಬ್ಬಿಸಲು ಬಂದ ಸೆಕ್ಯೂರಿಟಿಯವನು ಇಬ್ಬರನ್ನು ಕೂರಿಸಿ, ಸೂಪು ಹಿಡಿದುಕೊಂಡು ನಿಂತ. ಮಗಳು ಕೂತಾಗ ಮೊದಲು ಮೆನು ಎತ್ತಿಕೊಂಡಳು; ಆಮೇಲೆ ಅದನ್ನು ಟೇಬಲ್ಲಿನ ಮೇಲಿಟ್ಟು, ನೋಡುತ್ತಿದ್ದವರನ್ನೆಲ್ಲ ತಿರುಗಿ ನೋಡಿದಳು.

"ಏನು? ನಮ್ಮಮ್ಮ," ಎಂದಳು.

ಆ ಹೊತ್ತಿಗೆ ಐದನೇ ಟೇಬಲ್ಲನ್ನು ಕಾದಿರಿಸಿದವರು ಬಂದರು. ಟೈಲ್ಸ್ ಅಂಗಡಿಯ ಸಾಹುಕಾರ, ಜೊತೆಗೆ ಹೆಂಡತಿ. ಸಾಹುಕಾರ ಕೋಟಿನ ಮೇಲೆ ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದುಕೊಂಡು, ಗಾಜಿನ ಸಾಮಾನು ಹೊತ್ತವನ ಹಾಗೆ ನಡೆಯುತ್ತಿದ್ದ.

"ರೀ ಯಾರ್ರೀ ನೀವು? ಇದು ನನ್ನ ಟೇಬಲ್. ವಾರದ ಹಿಂದೆ ಹೇಳಿಟ್ಟಿರೋದು."

ಮೂರನೇ ಕೌಂಟರ್ ಅವನಿಗೆ ಬೆನ್ನು ಹಾಕಿ ನಿಂತಿದ್ದ. ತಿರುಗಲಿಲ್ಲ. ಕಿಂಡಿಯ ಹಿಂದೆ ಕೂತವನು ಮುಖ ನೋಡಿ ಮಾತಾಡಿ ಅಭ್ಯಾಸವಿಲ್ಲ.

"ಹೊರಟ ಬಸ್ಸಿಗೆ ಕೈ ಅಡ್ಡ ಹಾಕಬಾರದು. ಮುಂದಿನವರು ಬನ್ನಿ."

ಸಾಹುಕಾರ ಗಕ್ಕನೆ ನಿಂತ. ಆ ದನಿ! ಅವನು ಸುತ್ತಿಕೊಂಡು ಬಂದು ಎದುರು ನಿಂತ. ಮುಖ ಗುರುತು ಹತ್ತಲಿಲ್ಲ. ಬೆಲ್ಟು ಹಿಡಿದುಕೊಂಡು, ನರಳುತ್ತಾ, ನಿಧಾನವಾಗಿ ಸೊಂಟ ಬಗ್ಗಿಸಿದ. ಕತ್ತು ಓರೆ ಮಾಡಿ ಕೆಳಗಿನಿಂದ ಮೇಲಕ್ಕೆ ನೋಡಿದ. ಕೆಂಪು ಪೆನ್ನು ಕಂಡಿತು. ಅರ್ಧ ಮೀಸೆ ಕಂಡಿತು.

"ಮೂರನೇ ಕೌಂಟರ್!" ಎಂದು ಕಿರುಚಿದ.

ಹಾಡುಗಾರ ಮೈಕನ್ನು ಸಾಹುಕಾರನ ಬಾಯಿಯ ಹತ್ತಿರ ತಂದ.

"ನಾಲ್ಕು ವರ್ಷ ಆಯ್ತು ಸ್ವಾಮೀ ನಾನು ನಿಮ್ಮನ್ನ ಹುಡುಕ್ತಿರೋದು! ನಿಮ್ಮೂರಿಗೆ ಮಾಲು ನೋಡಕ್ಕೆ ಬಂದಿದ್ದೆ. ಬೆನ್ನುಮೂಳೆ ಜಾರಿತ್ತು. ಡಾಕ್ಟರ ಚೀಟಿ ತೋರಿಸ್ದೆ. ಚಕ್ರದ ಮೇಲೆ ಬೇಡ, ಬೇರೆ ಕೊಡಿ ಅಂತ ಕೈ ಮುಗಿದೆ. ಕಿಂಡಿಯಿಂದ ಒಳಗೆ ಕೈ ಮುಗಿಯಕ್ಕೂ ಆಗಲ್ಲ, ಆದ್ರೂ ಮುಗಿದೆ! ಏನು ಕೊಟ್ರಿ? ಮೂವತ್ತೈದು! ಆರು ಗಂಟೆ! ಆವತ್ತು ಕಟ್ಟಿದ ಬೆಲ್ಟು ಇದು!"

ಕಿಟಕಿಯ ಕಡೆಗಿದ್ದ ಮುಖ ಮೊದಲ ಸಲ ಈಚೆ ತಿರುಗಿತು.

"ಮೂವತ್ತೈದಾ?" ಎಂದಳು ಹೆಂಡತಿ. ಜಾತ್ರೆಯಲ್ಲಿ ತಪ್ಪಿಸಿಕೊಂಡಿದ್ದ ಒಡಹುಟ್ಟಿದವರು ಸಿಕ್ಕ ಹಾಗಿತ್ತು ಅವಳ ದನಿ. "ಮೊಣಕಾಲಿಗೆ ಮುಂದಿನ ಸೀಟಿನ ಕಬ್ಬಿಣ ತಾಗತ್ತಲ್ಲ?"

"ಎಡ ಮೊಣಕಾಲಿಗೆ!" ಎಂದ ಸಾಹುಕಾರ.

"ಬನ್ನಿ, ಬನ್ನಿ. ಒಂದು ಕುರ್ಚಿ ಇದೆ. ಕೂತ್ಕೊಳ್ಳಿ."

ಸಾಹುಕಾರ ಕಣ್ಣೊರೆಸಿಕೊಂಡು, ಬೆಲ್ಟು ಸಡಿಲಿಸಿ, ಕೂರಲು ಅಣಿಯಾಗುವಷ್ಟರಲ್ಲಿ ಅವನ ಹೆಂಡತಿ ಆ ಕುರ್ಚಿಯಲ್ಲಿ ಕೂತಾಗಿತ್ತು.

"ಅಲ್ಲ ಕಣೇ, ಮೂವತ್ತೈದರಲ್ಲಿ ಕೂತೋನು ನಾನು!"

"ಕೂತೋರು ನೀವು. ನಾಲ್ಕು ವರ್ಷದಿಂದ ಎಣ್ಣೆ ತಿಕ್ತಿರೋಳು ನಾನು. ಅಕ್ಕಾ, ಆ ದೀಪದ ಸಾಲು ಸೇತುವೆದೇನು?"

"ಹ್ಞೂಂ ಕಣಮ್ಮ. ಇಲ್ಲಿಂದ ನೋಡು, ಇನ್ನೂ ಚೆನ್ನಾಗಿ ಕಾಣತ್ತೆ."

ನಾಲ್ಕು ಕುರ್ಚಿ, ನಾಲ್ವರು ಹೆಂಗಸರು. ಟೇಬಲ್ಲು ತುಂಬಿತು. ಇಬ್ಬರು ಗಂಡಸರು ನಿಂತೇ ಇದ್ದರು. ಮ್ಯಾನೇಜರ್ ಮೂರನೇ ಕೌಂಟರಿನ ಕಿವಿಯ ಬಳಿ ಬಗ್ಗಿದ. ಈ ಸಲ ನಿಜವಾಗಿ ನಗುತ್ತಿದ್ದ.

"ಸರ್, ಹನ್ನೆರಡು ಇನ್ನೂ ನಿಮ್ಮ ಹೆಸರಲ್ಲೇ ಇದೆ. ಯಾರು ಅತ್ರೂ ಬದಲಾಯಿಸಬಾರದು ಅಂತಲೂ ಬರೆದಿದೆ."

ಹೀಗೆ ಅವರಿಬ್ಬರೂ ಕಂಬದ ಹಿಂದೆ ಹೋಗಿ ಕೂತರು. ಉಳಿದ ಎರಡು ಕುರ್ಚಿಗಳ ಮೇಲೆ ಸಪ್ಲೈಯರುಗಳು ಆಗಲೇ ತಟ್ಟೆಗಳನ್ನು ಪೇರಿಸಿದ್ದರು. ಬಾಗಿಲಿಗೆ ಬೆನ್ನು ಕೊಟ್ಟ ಕುರ್ಚಿ ಮೂರನೇ ಕೌಂಟರಿಗೆ ಬಂತು. ಕಂಬಕ್ಕೆ ಒರಗಿದ್ದು ಸಾಹುಕಾರನಿಗೆ. ಟೇಬಲ್ಲು ನಡುಗಿತು. ಸಾಹುಕಾರ ಅರೆಗಣ್ಣು ಮುಚ್ಚಿ ಸೊಂಟವನ್ನು ಟೇಬಲ್ಲಿನ ಅಂಚಿಗೆ ಒತ್ತಿದ.

"ಆಹಾ," ಎಂದ. "ಡಾಕ್ಟರು ಇಂಥದ್ದೇ ಒಂದು ಮಿಷಿನ್ ತಗೋ ಅಂದಿದ್ರು."

ಬಾಗಿಲು ಬಂದು ಮೂರನೇ ಕೌಂಟರಿನ ಬೆನ್ನಿಗೆ ಗುದ್ದಿತು. ಸೂಪು ಮೀಸೆಗೆ ಹೋಯಿತು. ಮತ್ತೆ ಗುದ್ದಿತು. ಹನ್ನೊಂದನೆಯ ಗುದ್ದಿಗೆ ಅವನು ಮೆಲ್ಲಗೆ ಮುಂದಕ್ಕೆ ಬಾಗಿದ. ಜೀವಮಾನದಲ್ಲಿ ಆಡದ ಮಾತು. ನಾಲಿಗೆ ಎರಡು ಸಲ ತೊದಲಿತು.

"ಸ್ವಲ್ಪ... ಸೀಟು ಬದಲಾಯಿಸ್ಕೊಳ್ಳೋಣವಾ?"

ಸಾಹುಕಾರ ಚಮಚ ಕೆಳಗಿಟ್ಟ. ಬಾಯಿ ಒರೆಸಿಕೊಂಡ. ಈ ಕ್ಷಣಕ್ಕೆ ಅವನು ನಾಲ್ಕು ವರ್ಷ ಕಾದಿದ್ದ, ಅವಸರ ಮಾಡಲಿಲ್ಲ.

"ಕೊಟ್ಟ ನಂಬರ್," ಎಂದ, "ಕೊಟ್ಟ ನಂಬರೇ."

ವೇದಿಕೆಯ ಮೇಲೆ ಹಾಡುಗಾರ ಮತ್ತೆ ಶುರು ಮಾಡಿದ್ದ. ಈ ಹಾಡು ಐದನೇ ಟೇಬಲ್ಲಿಗೆ ಎಂದು ಸಾರಿ, ಅಲ್ಲಿನ ಹೆಂಗಸರೆಲ್ಲ ಬಂದು ಕುಣಿಯಬೇಕು ಎಂದ. ಅತ್ತೆ ಕುರ್ಚಿಯ ಮೇಲೆ ಕೈಚೀಲ ಇಟ್ಟು ಸೆಕ್ಯೂರಿಟಿಯವನ ಕೈ ಹಿಡಿದು ಹೊರಟೇಬಿಟ್ಟರು. ಮಗಳು ಹೋದಳು. ಸಾಹುಕಾರನ ಹೆಂಡತಿಯೂ ಹೋದಳು. ಬೋಳುತಲೆಯವರು ಚಪ್ಪಾಳೆ ತಟ್ಟುತ್ತಾ, "ಮೇಡಂ, ನೀವೂ!" ಎಂದು ಕರೆದರು.

"ಆಗಲ್ಲಪ್ಪ," ಎಂದಳು ಮೂರನೇ ಕೌಂಟರಿನ ಹೆಂಡತಿ, ಗಾಜಿನಿಂದ ಹಣೆ ತೆಗೆಯದೆ. "ಎದ್ರೆ ಸೀಟು ಹೋಗತ್ತೆ."

ಹತ್ತೊಂಬತ್ತು ಗುದ್ದು ತಿಂದ ಮೇಲೆ ಮೂರನೇ ಕೌಂಟರ್ ಎದ್ದು, ಕಂಬ ಸುತ್ತಿ, ಕುಣಿಯುವ ಅತ್ತೆಯನ್ನು ತಪ್ಪಿಸಿಕೊಂಡು, ಹೆಂಡತಿಯ ಕುರ್ಚಿಯ ಹಿಂದೆ ಬಂದು ನಿಂತ. ಮೂರು ಕುರ್ಚಿ ಖಾಲಿ ಇದ್ದವು. ಒಂದರ ಮೇಲೆ ಕೈಚೀಲ, ಒಂದರ ಮೇಲೆ ಮೊಬೈಲು, ಒಂದರ ಮೇಲೆ ಶಾಲು. ಯಾವುದನ್ನೂ ಮುಟ್ಟುವ ಧೈರ್ಯವಾಗಲಿಲ್ಲ. ಸ್ವಲ್ಪ ಬಗ್ಗಿದ. ಬಗ್ಗಿದರೆ ಸೇತುವೆ ಕಾಣುತ್ತಿತ್ತು. ಅದರ ಮೇಲೆ ಸಣ್ಣ ಸಣ್ಣ ಬಸ್ಸುಗಳು ಹೋಗುತ್ತಿದ್ದವು, ಎಲ್ಲದರ ಕಿಟಕಿಗಳಲ್ಲೂ ಬೆಳಕಿತ್ತು.

"ನಾಳೆ ವಾಪಸ್ ಹೋಗೋ ಟಿಕೆಟ್ಟು..." ಎಂದು ಗಂಟಲು ಸರಿಮಾಡಿಕೊಂಡ. "ಇಲ್ಲಿಯ ಕೌಂಟರಲ್ಲಿ ನಾನೇ ಸರದಿ ನಿಂತು, ಕಿಟಕಿದೇ ಕೇಳಿ..."

"ಬೇಡ. ರಿಸರ್ವೇಶನ್ ಇಲ್ಲದ ಬಸ್ಸಿಗೇ ಹೋಗೋಣ." ಅವಳು ಹೂದಾನಿಯ ನೀರಲ್ಲಿ ನೆನೆದಿದ್ದ ಕರವಸ್ತ್ರವನ್ನು ಹಿಂಡಿ ಟೇಬಲ್ಲಿನ ಅಂಚಿಗೆ ಒಣಹಾಕಿದಳು. "ಬೆಳಗ್ಗೆ ಹೊತ್ತಿಗೆ ಒಣಗತ್ತೆ."

ಅವನು ಏನೋ ನಿಯಮ ಹೇಳಲು ಹೋಗಿ ಬಿಟ್ಟ. ಬೆನ್ನು ಉರಿಯುತ್ತಿತ್ತು. ಇನ್ನೂ ಸ್ವಲ್ಪ ಬಗ್ಗಿದ. ಗಾಜಿನಲ್ಲಿ ಅವನ ಮುಖ ಪೂರ್ತಿಯಾಗಿ ಮೂಡಿತು. ಅವಳು ಅದನ್ನು ಗಾಜಿನಲ್ಲೇ ನೋಡಿದಳು.

"ರೀ, ನಿಂತು ಪ್ರಯಾಣ ಮಾಡೋರು ಕಂಬಿ ಹಿಡ್ಕೋಬೇಕು."

ಅವನು ಅವಳ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ.